ನಡೆದಾಡುವ ಪಿಟೀಲು

ಭಜನಾ ಮೇಳದ ದೇವಪ್ಪ ಪಿಟೀಲನ್ನು ಪೆಟ್ಟಿಗೆಯಿಂದ ತೆಗೆದು ಹೂವಪ್ಪ ಮಾಸ್ತರರ ತೊಡೆಯ ಮೇಲಿಟ್ಟಾಗ ಶಿಷ್ಯೆ ಜಬೀನಳ ಎದೆ ಧಸಕ್ಕೆಂದಿತು. ಮಾಸ್ತರರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳತುಂಬ ಚೆಂಡುಹೂ, ಹೆಗಲ ಮೇಲೆ ಅದೇ ಹಳೆಯ ಟವೆಲ್ಲು. ಕಚೇರಿಗೆ ಕೂತಂತೆಯೇ ಕೂತಿದ್ದರು, ಪುಣ್ಯಾತ್ಮರು.

“ಇದನ್ನೂ ಅವರ ಜೋಡಿ ಕುಣಿಯೊಳಗ ಇಡ್ರಿ,” ಎಂದಳು ಮಾಸ್ತರರ ಹೆಂಡತಿ ಸಿದ್ದಲಿಂಗವ್ವ. “ಮನಿಯೊಳಗ ಸುಮ್ಮನ ಬಿದ್ದದ್ದನ್ನ ನಾ ಹ್ಯಾಂಗ ನೋಡ್ಲಿ?”

ಜಬೀನ ಕಲಿತದ್ದು ಅದೊಂದರ ಮೇಲೆಯೇ. ಅವಳಿಗೆ ಸ್ವಂತದ್ದೆಂಬುದಿರಲಿಲ್ಲ. ಅದು ಮಣ್ಣಿಗೆ ಹೋದರೆ ಅವಳ ಕಲಿಕೆಯೂ ಮಣ್ಣಿಗೆ ಹೋದಂತೆ. ಆದರೆ ಹೆಣದ ಮುಂದೆ ನಿಂತು ನನಗೆ ಕೊಡಿ ಎನ್ನಲು ಬಾಯಿ ಬರುವುದುಂಟೆ? ಸವಡಿಯ ಅರ್ಧ ಊರು ಅಂಗಳದಲ್ಲಿತ್ತು. ರೋಣದಿಂದ, ಗಜೇಂದ್ರಗಡದಿಂದ ಹಳೆಯ ಶಿಷ್ಯರು ಬಂದು ಮಾಸ್ತರರ ಧಾರವಾಡ ರೇಡಿಯೊ ಕಚೇರಿಗಳನ್ನೂ ನಾಟಕ ಕಂಪನಿಯ ದಿನಗಳನ್ನೂ ನೆನೆಯುತ್ತಿದ್ದರು. ಅವಳು ಸೆರಗು ಕಚ್ಚಿಕೊಂಡು ನಿಂತಳು.

*

ಜಬೀನ ಚಿಕ್ಕವಳಿದ್ದಾಗಿನ ಒಂದು ಮೊಹರಂ. ಅವಳಪ್ಪ ಅಲ್ಲಾವುದ್ದೀನ ಮೇಳ ಕಟ್ಟಿಕೊಂಡು ಬೀದಿ ಬೀದಿ ಕರ್ಬಲಾ ಕಥೆಯ ರಿವಾಯತ್ ಪದ ಹಾಡುತ್ತಿದ್ದ. ನಾನೂ ಬರುತ್ತೇನೆಂದು ಹೊರಟರು ಮಾಸ್ತರರು. ಪಿಟೀಲೋ, ಕಾಲುಮಡಿಚಿ ಕೂತು, ಪಾದಕ್ಕೆ ಆನಿಸಿ ನುಡಿಸುವಂಥದ್ದು. ಮೇಳವೋ ನಿಂತಲ್ಲಿ ನಿಲ್ಲುವುದಲ್ಲ. ಮಾಸ್ತರರು ಟವೆಲ್ಲಿನಿಂದ ಅದನ್ನು ಹೆಗಲಿಗೆ ಬಿಗಿದುಕೊಂಡರು.

ಶಾಸ್ತ್ರೀಯ ಸಂಗೀತ ಬೀದಿಪಾಲಾಯಿತೆಂದು ದೇವಪ್ಪ ಸಿಡಿಮಿಡಿಗೊಂಡ.

“ಹಾಡು ನಡದ್ರ ನಾನೂ ನಡೀಬೇಕಲ್ಲಪಾ,” ಎಂದು ನಕ್ಕರು ಮಾಸ್ತರರು. ಮೊದಮೊದಲು ಹೆಜ್ಜೆಗೊಂದು ಅಪಸ್ವರ. ಮಸೂತಿ ಮುಟ್ಟುವ ಹೊತ್ತಿಗೆ ಪಿಟೀಲು ಹಾಡಿನ ಬೆನ್ನು ಹತ್ತಿತ್ತು.

ಮರುದಿನವೇ ಜಬೀನ ಅವರ ಮನೆಗೆ ಓಡಿದಳು. ಮೊದಲ ಪಾಠ ಒಂದೇ ಮಾತು: ಶ್ರುತಿ ತಪ್ಪಿದ ಪಿಟೀಲನ್ನು ಪೆಟ್ಟಿಗೆಯಲ್ಲಿಡಬಾರದು.

*

ಯಾರೋ ಹಾರ ಹಾಕುವಾಗ ಹೂವು ತಂತಿಗೆ ತಾಗಿ ಬೊರ್ ಎಂದಿತು. ಮಾಸ್ತರರು ದವಾಖಾನೆ ಸೇರಿದಾಗಿನಿಂದ ಪಿಟೀಲನ್ನು ಯಾರೂ ಮುಟ್ಟಿರಲಿಲ್ಲ. ಜಬೀನಳಿಗೆ ತಡೆಯಲಾಗಲಿಲ್ಲ.

“ಅವ್ವಾರ, ತಂತಿ ಇಳದಾವ್ರಿ. ಶ್ರುತಿ ಮಾಡಿ ಇಡ್ತೀನಿ.”

ಹೆಣದ ಮೇಲಿಟ್ಟದ್ದನ್ನು ತೆಗೆಯುವುದು ಪದ್ಧತಿಯಲ್ಲವೆಂದು ದೇವಪ್ಪ ಗೊಣಗಿದ. ಸಿದ್ದಲಿಂಗವ್ವ ಜಬೀನಳತ್ತ ನೋಡಿ ಹೂಂ ಎಂದಳು.

ಜಬೀನ ಮಾಸ್ತರರ ಎದುರಿಗೇ ಕೂತು ಬಿರಡೆ ತಿರುವಿದಳು. ಶ್ರುತಿ ಕೂಡಿತೋ ಇಲ್ಲವೋ ನೋಡಲು ಕಮಾನು ಎಳೆದಳು. ಬಂದದ್ದು ಭೈರವ ರಾಗ. ದಿನಾ ಸಿದ್ದಲಿಂಗವ್ವ ಒಲೆ ಹೊತ್ತಿಸುವಾಗ ಮಾಸ್ತರರು ನುಡಿಸುತ್ತಿದ್ದದ್ದು. ಆತನಕ ಕಲ್ಲಿನಂತೆ ಕೂತಿದ್ದ ಸಿದ್ದಲಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು.

ಜಬೀನ ನಿಲ್ಲಿಸಿದಳು. ಪಿಟೀಲಿಗೆ ಹಣೆ ಹಚ್ಚಿ, ಕೊಟ್ಟ ಮಾತಿನಂತೆ ಮತ್ತೆ ಮಾಸ್ತರರ ತೊಡೆಯ ಮೇಲಿಟ್ಟಳು. ಕೈ ಬಿಡಲು ಮಾತ್ರ ಹೊತ್ತಾಯಿತು, ಪಾಪ.

ಹೊರಗೆ ಹೆಣ ಕೂರಿಸಿ ಹೊರುವ ವಿಮಾನ ಸಿದ್ಧವಾಗಿತ್ತು. ಮಾಸ್ತರರನ್ನು ಎತ್ತಲು ಬಂದವರನ್ನು ಸಿದ್ದಲಿಂಗವ್ವ ತಡೆದಳು. ಪಿಟೀಲು ತೆಗೆದು ಜಬೀನಳ ಕೈಗಿತ್ತಳು. ಗಂಡನ ಹೆಗಲಿನ ಟವೆಲ್ಲನ್ನೂ ಎಳೆದುಕೊಂಡಳು.

“ಹೂಳೂದು ಬ್ಯಾಡ. ನೀ ಇಟಗೋ. ಇವತ್ತ ಅವರ ಮುಂದ ನುಡಿಸ್ಕೋತ ನಡಿ.”

“ನಾ ಕೂತು ಕಲ್ತಾಕಿ ಅವ್ವಾರ. ನಡಕೋತ ನನಗ ಬರಂಗಿಲ್ರಿ.”

“ಅವರಿಗೂ ಬರ್ತಿದ್ದಿಲ್ಲ ಬಿಡವ್ವ. ನಡದ ಮ್ಯಾಲ ಬಂತು.”

ಟವೆಲ್ಲು ಜಬೀನಳ ಹೆಗಲು ಸುತ್ತಿ ಬಿಗಿಯಾಯಿತು. ದೇವಪ್ಪ ಮೂಗು ಒರೆಸಿಕೊಂಡು, ಕೊರಳಿಗೆ ತನ್ನ ಹಾರ್ಮೋನಿಯಂ ಪೆಟ್ಟಿಗೆ ತೂಗುಹಾಕಿಕೊಂಡು, ಷಡ್ಜ ಹಿಡಿದ. ವಿಮಾನ ಮೇಲೆದ್ದಿತು. ಮೊದಲ ಹೆಜ್ಜೆಗೆ ಜಬೀನಳ ಕಮಾನು ಜಾರಿ ಅಪಸ್ವರ ಬಂತು, ಎರಡನೆಯದಕ್ಕೂ ಬಂತು. ಮಸೂತಿಯ ತಿರುವಿನಲ್ಲಿ ಕಾದಿದ್ದ ಅಲ್ಲಾವುದ್ದೀನ ಮಗಳನ್ನು ಕಂಡು ದನಿ ಎತ್ತಿ ಹಾಡುತ್ತ ಬಂದು ಕೂಡಿಕೊಂಡ. ಪಿಟೀಲು ಅವನ ದನಿಯ ಬೆನ್ನು ಹತ್ತಿತು. ಹಿಂದೆ, ಖಾಲಿ ತೊಡೆಯ ಮೇಲೊಂದು ಚೆಂಡುಹೂ ಬಿದ್ದಿತ್ತು. ಹೊತ್ತವರ ಹೆಜ್ಜೆಗೆ ಮಾಸ್ತರರ ತಲೆ ಮೆಲ್ಲಗೆ ತೂಗುತ್ತಿತ್ತು.