ನೋಡಿ ಬರೆದದ್ದು

ಮನೆಯಲ್ಲಿ ಎಲ್ಲರೂ ಆ ಹುಡುಗಿಯನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಎದುರುಮನೆಯ ಗಂಡ ಹೆಂಡತಿ ಮಾತು ಬಿಟ್ಟರೆ, ಆ ಸುದ್ದಿ ಅವರಿಗೇ ಸರಿಯಾಗಿ ತಿಳಿಯುವ ಮೊದಲು ಇವಳ ಬಾಯಲ್ಲಿ ಬಿತ್ತರವಾಗುತ್ತಿತ್ತು. ಇಂಥವಳು ಶಾಲೆಯ ಕೊನೆಯ ವರ್ಷಗಳಿಗೆ ಚಿತ್ರಕಲೆಯ ಇತಿಹಾಸ ಆರಿಸಿಕೊಂಡಾಗ ಅಪ್ಪ, "ಗೋಡೆ ಮೇಲಿನ ಪಟ ನೋಡೋಕೂ ಪರೀಕ್ಷೆ ಬೇಕಾ?" ಎಂದಿದ್ದರು. ಅವರನ್ನು ಒಪ್ಪಿಸುವಷ್ಟರಲ್ಲಿ ಅಮ್ಮನಿಗೆ ಸಾಕುಸಾಕಾಗಿತ್ತು.

ಆ ಪಾಠದ ಮೇಷ್ಟ್ರು ಒಂದು ದಿನ ದೊಡ್ಡದೊಂದು ಚಿತ್ರದ ಅಚ್ಚುಪ್ರತಿಯನ್ನು ಗೋಡೆಗೆ ಅಂಟಿಸಿ, ಸೋಮವಾರಕ್ಕೆ ಇದರ ವಿಮರ್ಶೆ ಬೇಕು, ಎಲ್ಲರೂ ನೋಡಿ ಬರೀರಿ ಎಂದರು.

"ನೋಡಿ ಬರೀಬೇಡ" ಎಂದು ಒಂದನೇ ತರಗತಿಯಿಂದ ಕಿವಿ ಹಿಂಡಿಸಿಕೊಂಡೇ ಬೆಳೆದವಳು ಅವಳು. ಶಾಲೆಯಲ್ಲಿ ಆ ಮಾತಿಗಿರುವುದು ಒಂದೇ ಅರ್ಥ, ನಕಲು. ಮೇಷ್ಟ್ರೇ ಅಪ್ಪಣೆ ಕೊಟ್ಟ ಮೇಲೆ ಕೇಳಬೇಕೆ? ಗೈಡು ತೆರೆದಿಟ್ಟುಕೊಂಡು ಅಕ್ಷರ ಬಿಡದೆ ಇಳಿಸಿದಳು. ಅಚ್ಚಿನ ತಪ್ಪನ್ನೂ ಬಿಡಲಿಲ್ಲ. ಗೈಡಿನವನು ನೆಮ್ಮದಿಯ ಬದಲು ನೆಗಡಿ ಎಂದು ಅಚ್ಚು ಹಾಕಿಸಿದ್ದ.

ಸೋಮವಾರ ಮೇಷ್ಟ್ರು ಓದಿದರು: "ಈ ಚಿತ್ರದಲ್ಲಿ ಗೃಹಜೀವನದ ನೆಗಡಿ ಹೊಮ್ಮುತ್ತದೆ." ಕನ್ನಡಕ ತೆಗೆದು ಕೇಳಿದರು, "ಯಾರಿಗಮ್ಮ ನೆಗಡಿ?"

ತರಗತಿ ಬಿದ್ದು ಬಿದ್ದು ನಕ್ಕಿತು. "ನೀವೇ ನೋಡಿ ಬರೀರಿ ಅಂದ್ರಲ್ಲ ಸಾರ್" ಎಂದಳು, ಅಳು ತಡೆದುಕೊಂಡು. ಮೇಷ್ಟ್ರು ಕ್ಷಣ ಕಕ್ಕಾಬಿಕ್ಕಿಯಾದರು. ಆಮೇಲೆ ಅರ್ಥವಾಗಿ ತಾವೂ ನಕ್ಕರು. ಆದರೆ ಹೆಡ್‌ಮೇಡಂ ನಗಲಿಲ್ಲ. ನಕಲು ಮಾಡಿದವರನ್ನು ಆ ವಿಷಯದಿಂದಲೇ ತೆಗೆಯುವುದು ಅವರ ಪದ್ಧತಿ. ಮೇಷ್ಟ್ರು ತಾವೇ ಹೋಗಿ, ತಪ್ಪು ನನ್ನ ಮಾತಿನದ್ದೂ ಹೌದು ಎಂದು ಕೇಳಿಕೊಂಡದ್ದಕ್ಕೆ ಶುಕ್ರವಾರದವರೆಗೆ ಗಡುವು ಸಿಕ್ಕಿತು. ಅಷ್ಟರಲ್ಲಿ ಅವಳು ಸ್ವಂತದ್ದು ಬರೆಯಬೇಕು.

ಚಿತ್ರದ ಮುಂದೆ ಕೂತಳು. ಮೇಜಿನ ಬಳಿ ಹಣ್ಣು ಸುಲಿಯುತ್ತಿರುವ ಹೆಂಗಸು, ಬಾಗಿಲಲ್ಲಿ ಒಬ್ಬ ಗಂಡಸು. "ಚೆನ್ನಾಗಿದೆ" ಎಂದು ಬರೆದು ಹೊಡೆದು ಹಾಕಿದಳು. ಮುಂದಕ್ಕೆ ಪೆನ್ನು ಓಡಲಿಲ್ಲ.

ಗುರುವಾರ ಮೆಟ್ಟಿಲ ಮೇಲೆ ಗೆಳತಿಯರಿಗೆ ಎದುರುಮನೆಯ ಸಮಾಚಾರ ನಡೆದಿತ್ತು. "ಆಯಪ್ಪನ ಚಪ್ಪಲಿ ಬೀದಿ ಕಡೆ ಮೂತಿ ಮಾಡ್ಕೊಂಡು ಕೂತಿದೆ. ಆಕೆ ಒಂದೇ ಲೋಟ ತೊಳೆದು ಬೋರಲು ಹಾಕಿದ್ಲು. ಮಾತು ಬಿಟ್ಟಿಲ್ಲ ಅಂದ್ರೆ ನನಗೆ ಬೇರೆ ಹೆಸರಿಡ್ರೇ."

ಹಿಂದಿನಿಂದ ಇಳಿದು ಬರುತ್ತಿದ್ದ ಮೇಷ್ಟ್ರು ನಿಂತು ಕೇಳಿಸಿಕೊಂಡರು. ಬೈಯುತ್ತಾರೆಂದುಕೊಂಡಳು. ಅವರು ಅವಳನ್ನು ಚಿತ್ರದ ಮುಂದಕ್ಕೆ ಕರೆದೊಯ್ದರು.

"ಇವರೂ ನಿಮ್ಮ ಎದುರುಮನೆಯವರು ಅಂದ್ಕೋ. ಹೇಳು ನೋಡೋಣ."

ಅವಳು ನೋಡಿದಳು. "ಇವನು ಈಗ ಬಂದಿದಾನೆ ಸಾರ್."

"ಹೊರಟಿರಬಹುದಲ್ಲ?"

"ಹೊರಡೋನ ಕೋಟು ಒದ್ದೆ ಇರಲ್ಲ. ಭುಜದ ಹತ್ರ ಬಣ್ಣ ಕಪ್ಪಾಗಿದೆ ನೋಡಿ. ದೀಪದಲ್ಲಿ ಎಣ್ಣೆ ತಳ ಕಂಡಿದೆ, ಆಕೆ ತುಂಬಾ ಹೊತ್ತು ಕಾದಿದಾಳೆ. ಸಿಪ್ಪೆ ಅರ್ಧಕ್ಕೇ ನೇತಾಡ್ತಿದೆ, ಅಂದ್ರೆ ಬಾಗಿಲ ಸದ್ದು ಕೇಳಿಸಿದೆ. ಆದ್ರೂ ತಲೆ ಎತ್ತಲ್ಲ. ನೆಮ್ಮದಿಯಂತೆ ನೆಮ್ಮದಿ."

ಮೇಷ್ಟ್ರ ಮುಖ ಅರಳಿತು. "ಇದಕ್ಕೇ ವಿಮರ್ಶೆ ಅನ್ನೋದು ಕಣಮ್ಮ. ಬಾಯಲ್ಲಿ ಮಾಡೋದನ್ನ ಕಾಗದದ ಮೇಲೆ ಮಾಡು. ಎದುರುಮನೆಯವರನ್ನ ಬಿಟ್ಟುಬಿಡು, ಪಾಪ."

ಅಂದು ಮನೆಯಲ್ಲಿ ರೇಡಿಯೋ ಸದ್ದಿಲ್ಲದೆ ಕೂತು ಬರೆಯಿತು. ಶುಕ್ರವಾರ ಹೆಡ್‌ಮೇಡಂ ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ವಾರದ ಮೇಲೆ ಅಪ್ಪ ಗೋಡೆಯ ಕ್ಯಾಲೆಂಡರಿನ ಚಿತ್ರದ ಮುಂದೆ ನಿಂತು, ಯಾರಿಗೋ ಎಂಬಂತೆ, "ಇದರಲ್ಲಿ ಏನಿದೆ ಹೇಳು ನೋಡೋಣ" ಎಂದರು. ಅಡುಗೆಮನೆಯಲ್ಲಿ ಅಮ್ಮ ನಕ್ಕದ್ದು ಕೇಳಿಸಿತು.

ಕೊನೆಯ ಪರೀಕ್ಷೆಯಲ್ಲಿ ಹಿಂದೆಂದೂ ಕಾಣದ ಚಿತ್ರ ಬಂದಿತ್ತು. ಮುಗಿಸಿ ಹೊರಬಂದಾಗ ಮೇಷ್ಟ್ರು ಗಣಿತದ ಮೇಷ್ಟ್ರ ಜೊತೆ ನಿಂತಿದ್ದರು. ಅವರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಕೃತಜ್ಞತೆಯ ಮಾತು ಜೋಡಿಸಿಕೊಂಡಿದ್ದಳು. ಅದನ್ನು ಶುರು ಮಾಡುವ ಮೊದಲೇ ಅವರು ಕೇಳಿದರು.

"ಹೇಗೆ ಬರೆದೆಯಮ್ಮ?"

"ಎಲ್ಲಾ ನೋಡಿಯೇ ಬರೆದೆ ಸಾರ್."

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ತಲೆದೂಗಿದರು. ಗಾಬರಿಬಿದ್ದ ಗಣಿತದ ಮೇಷ್ಟ್ರಿಗೆ ವಿಷಯ ಬಿಡಿಸಿ ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.