ಇಸ್ತ್ರಿ ಆರಿಸದೆ ಹೋದವರು

"ಇಸ್ತ್ರಿಪೆಟ್ಟಿಗೆ ಆನ್ ಮಾಡಿಟ್ಟು ಹೋದವರು ಯಾರು?"

ವಿಮಾ ಕಂಪನಿಯ ಸರ್ವೇಯರ್ ಸುಟ್ಟ ಕೋಣೆಯ ನಡುವೆ ಕುಕ್ಕರಗಾಲಲ್ಲಿ ಕೂತು, ಬೂದಿಯೊಳಗಿಂದ ಎಳೆದ ಕಬ್ಬಿಣದ ಮುದ್ದೆಯೊಂದನ್ನು ಪೆನ್ನಿನ ತುದಿಯಿಂದ ಹೊರಳಿಸುತ್ತ ಕೇಳಿದ. ಬೂಟು ಹಾಳಾಗದಿರಲೆಂದು ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದ. ತೊಡೆಯ ಮೇಲೆ ಕ್ಲೇಮ್ ಫಾರಂ. ಎಂಟು ಕಾಲಂ ತುಂಬಿಯಾಗಿತ್ತು. ಒಂಬತ್ತನೆಯದು ಬೆಂಕಿಗೆ ಕಾರಣ.

ಬಾಗಿಲಲ್ಲಿ ಮೂವರು ನಿಂತಿದ್ದರು. ಮನೆಯ ಯಜಮಾನ, ಬಸ್ ಡ್ರೈವರ್. ಅವನ ಹೆಂಡತಿ, ಇದೇ ಕೋಣೆಯಲ್ಲಿ ಹನ್ನೊಂದು ವರ್ಷ ಕೋಟು ಹೊಲಿದವಳು. ಮತ್ತೆ ಅವನ ತಾಯಿ.

"ನಾನೇ ಸ್ವಾಮಿ," ಎಂದರು ತಾಯಿ, ಪಾಠ ಒಪ್ಪಿಸುವವರ ಹಾಗೆ.

ಸೊಸೆ ನೆಲ ನೋಡಿದಳು.

ಆನ್ ಮಾಡಿಟ್ಟು ಹೋದವಳು ಅವಳು. ಅದು ಅವಳೊಬ್ಬಳಿಗೇ ಗೊತ್ತು. ಕೋಟು ಹೊಲಿಯುವವರ ಇಸ್ತ್ರಿಪೆಟ್ಟಿಗೆ ಮನೆಬಳಕೆಯದರಂತಲ್ಲ. ಎತ್ತಿದರೆ ಭುಜ ಕೀಳುವಷ್ಟು ಭಾರ, ಕಾಯುವುದಕ್ಕೇ ಇಪ್ಪತ್ತು ನಿಮಿಷ. ಕಾಲರಿಗೆ ಕ್ಯಾನ್ವಾಸು ಅಂಟಿಸುವಾಗ ಶಾಖ ಇಳಿಯಿತೋ, ಬಟ್ಟೆ ಗುಳ್ಳೆ ಎದ್ದು ಕೆಲಸವೆಲ್ಲ ನೀರಿನಲ್ಲಿ ಹೋಮ. ಹಾಗಾಗಿ ಒಂದು ಕಾಲರಿಗೂ ಇನ್ನೊಂದಕ್ಕೂ ನಡುವೆ ಆರಿಸುವ ಪದ್ಧತಿಯೇ ಅವಳಲ್ಲಿರಲಿಲ್ಲ. ಆ ದಿನ ಗಿರಾಕಿಯೊಬ್ಬ ಕೋಟು ತೊಟ್ಟು ನೋಡಲು ಬಂದ. 'ಒಂದೇ ನಿಮಿಷ' ಎಂದುಕೊಂಡು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮುಂದಿನ ಹಜಾರಕ್ಕೆ ಹೋದಳು. ಭುಜ ಬಿಗಿ ಎಂದ, ತೋಳು ಉದ್ದ ಎಂದ, ಜೊತೆಗೆ ಬಂದ ಹೆಂಡತಿಗೆ ಗುಂಡಿಯ ಬಣ್ಣವೇ ಹಿಡಿಸಲಿಲ್ಲ. ಒಂದು ನಿಮಿಷ ಮುಕ್ಕಾಲು ಗಂಟೆಯಾಯಿತು. ಹೊಗೆಯ ವಾಸನೆಯನ್ನು ಮೊದಲು ಹಿಡಿದವಳೂ ಗುಂಡಿ ಹಿಡಿಸದ ಆ ಮಹಾತಾಯಿಯೇ.

ಅತ್ತೆಗೂ ಈ ಕೋಣೆಯಲ್ಲಿ ಒಂದು ಕೆಲಸವಿತ್ತು. ಒಬ್ಬೊಬ್ಬ ಗಿರಾಕಿಯ ಅಳತೆಗೂ ಕಂದು ಕಾಗದದಲ್ಲಿ ಕತ್ತರಿಸಿಟ್ಟ ಮಾದರಿಗಳಿರುತ್ತವಲ್ಲ, ಅವು ಮುದುರಿ ಬಿದ್ದಿರುತ್ತಿದ್ದವು. ಮಧ್ಯಾಹ್ನ ಸೊಸೆ ಊಟಕ್ಕೆ ಎದ್ದಾಗ ಅತ್ತೆ ಅವನ್ನೆಲ್ಲ ಇಸ್ತ್ರಿ ಮಾಡಿ ಗೋಡೆಗೆ ನೇತುಹಾಕುತ್ತಿದ್ದರು. "ನಿನ್ನ ಗಿರಾಕಿಗಳ ಗೂನುಬೆನ್ನು ನೆಟ್ಟಗೆ ಮಾಡ್ತಿದೀನಿ ಕಣೇ," ಎಂದು ನಗುತ್ತಿದ್ದರು. ಆದರೆ ಬೆಂಕಿ ಬಿದ್ದ ದಿನ ಅವರು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಕೋಣೆಯೊಳಗೆ ಕಾಲೇ ಇಟ್ಟಿರಲಿಲ್ಲ.

ಬೀದಿ ತುಂಬ ಜನ ಸೇರಿದ್ದಾಗ, ಡ್ಯೂಟಿಯ ಅಂಗಿಯಲ್ಲೇ ಓಡಿ ಬಂದ ಗಂಡ ಮೊದಲು ಕೇಳಿದ್ದು ತಾಯಿಯನ್ನೇ. "ಅಮ್ಮಾ, ಕಾಗದ ಉಜ್ಜಿ ಇಸ್ತ್ರಿ ಆರಿಸಲಿಲ್ವಾ?" ಹಿಂದಿನ ತಿಂಗಳು ಅವರು ಒಲೆಯ ಮೇಲೆ ಹಾಲು ಮರೆತು ಪಾತ್ರೆ ಸೀದಿತ್ತು. ಅಷ್ಟು ಸಾಕಾಯಿತು. ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ "ಇರಬಹುದೇನೋಪ್ಪ..." ಎಂದು ಸೊಸೆಯ ಮುಖ ನೋಡಿದರು. ನೀನಾದರೂ ಹೇಳು, ಎಂಬಂತೆ ನೋಡಿದರು. ಸೊಸೆ ಬಾಯಿ ಬಿಡಲಿಲ್ಲ. ಸುಳ್ಳು ಹೇಳುವುದಕ್ಕೆ ನಾಲಗೆಯಾದರೂ ಬೇಕು; ಇವಳಿಗೆ ಅದೂ ಬೇಕಾಗಲಿಲ್ಲ. ದುಡಿಯುವವಳ ಅಜಾಗರೂಕತೆ ಅಂದರೆ ವಿಮೆ ಸಿಗಲಿಕ್ಕಿಲ್ಲ, ವಯಸ್ಸಾದವರ ಮರೆವು ಅಂದರೆ ಯಾರೂ ಏನೂ ಅನ್ನುವುದಿಲ್ಲ, ಎಂದು ಆಮೇಲೆ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ನಿಜವೆಂದರೆ ಹೆದರಿಕೆ. ಗಂಡನ ಮುಖ ನೋಡಿ ಹುಟ್ಟಿದ ಶುದ್ಧ ಹೆದರಿಕೆ.

ಅತ್ತೆ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಅರ್ಧ ಜನರ ನಂಬರು ಅವರ ಬಾಯಲ್ಲಿತ್ತು, ಆ ಜಂಭವೂ ಇತ್ತು. ಅಂಥವರ "ಇರಬಹುದೇನೋ" ಎರಡೇ ದಿನದಲ್ಲಿ "ಇರಬೇಕು" ಆಯಿತು, ವಾರದೊಳಗೆ "ಹೌದು" ಆಯಿತು. ಈಗ ನಲ್ಲಿ ನಿಲ್ಲಿಸಿ ಬಂದು ಮತ್ತೆ ಹೋಗಿ ನೋಡುತ್ತಾರೆ. ಕೈ ತೊಳೆದುಕೊಂಡು ಬಂದು "ನಂದು ಊಟ ಆಯ್ತಲ್ವಾ?" ಎಂದು ಕೇಳುತ್ತಾರೆ. ಕೇಳಿದಾಗೆಲ್ಲ ಸೊಸೆ "ಆಯ್ತು ಅತ್ತೆ" ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ತಾನು ಸುಟ್ಟದ್ದು ಕೋಣೆಯನ್ನಷ್ಟೇ ಅಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎಂಟು ದಿನ ಕಳೆದಳು.

"ಹೇಗಾಯ್ತಮ್ಮಾ?" ಸರ್ವೇಯರ್ ಅತ್ತೆಯನ್ನು ಕೇಳಿದ.

"ಡಾಕ್ಟರ ಕೋಟಿನ ಮಾದರಿ ಉಜ್ಜುತ್ತಿದ್ದೆ. ಗಾಳಿಗೆ ಹಿತ್ತಲಲ್ಲಿ ಬಟ್ಟೆ ಹಾರಿದ್ದು ಕಾಣಿಸ್ತು. ಪೆಟ್ಟಿಗೆ ಅಲ್ಲೇ ಕಾಗದದ ಮೇಲೆ ಬಿಟ್ಟು ಓಡಿದೆ."

ಡಾಕ್ಟರು ಕೋಟಿಗೆ ಅಳತೆ ಕೊಟ್ಟು ಹೋಗಿದ್ದರಷ್ಟೆ; ಅವರ ಮಾದರಿಯನ್ನು ಸೊಸೆ ಇನ್ನೂ ಕತ್ತರಿಸಿಯೇ ಇರಲಿಲ್ಲ.

"ವಯಸ್ಸಾಯ್ತು ಸಾರ್, ಮರೆವು," ಎಂದ ಮಗ. "ಇದರಿಂದ ಕ್ಲೇಮಿಗೇನೂ ತೊಂದರೆ ಇಲ್ವಲ್ಲ?"

"ಏನೂ ಇಲ್ಲ. ಬೇಕೂಂತ ಕಡ್ಡಿ ಗೀರದಿದ್ರೆ ಸಾಕು. ಜನ ಮರೀತಾರೆ ಅಂತಾನೇ ನಮ್ಮ ಕಂಪನಿ ನಡೀತಿರೋದು."

"ಯಾರು ಮರೆತ್ರೂ?" ಸೊಸೆ ಮೊದಲ ಸಲ ಮಾತಾಡಿದಳು.

"ಯಾರಾದ್ರೂ. ನೀವಾಗಿದ್ರೂ ಅಷ್ಟೇ."

ಅಯ್ಯೋ ದೇವರೇ! ಇಷ್ಟೇನಾ? ಎಂಟು ದಿನ ಹೆದರಿದ್ದಕ್ಕೆ ಬುಡವೇ ಇರಲಿಲ್ಲ. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು, ಎರಡೂ ತನ್ನ ಮೇಲೆಯೇ.

"ಹಾಗಾದ್ರೆ ನನ್ನ ಹೆಸರು ಬರೀರಿ," ಎಂದಳು. "ಇಸ್ತ್ರಿ ಆರಿಸದೆ ಹೋದವಳು ನಾನು. ಅತ್ತೆ ಈ ಕಡೆ ಬಂದೇ ಇರಲಿಲ್ಲ."

ಸರ್ವೇಯರನ ಪೆನ್ನು ನಿಂತಿತು. ಗಂಡ ಹುಬ್ಬುಗಂಟಿಕ್ಕಿ ಅವಳನ್ನು ನೋಡಿದ. ಆಮೇಲೆ ಆ ಗಂಟು ತಾನಾಗಿ ಸಡಿಲವಾಯಿತು.

"ಸಾಕು ಬಿಡೇ," ಎಂದ ಮೆಲ್ಲಗೆ. "ನೀನಾಗಿದ್ರೆ ಎಂಟು ದಿನ ಸುಮ್ನಿರ್ತಿದ್ಯಾ? ನಿನ್ನ ಬಾಯಲ್ಲಿ ಒಂದು ಮಾತು ನಿಲ್ಲುತ್ತಾ?"

"ರೀ, ಆಣೆ ಮಾಡಿ ಹೇಳ್ತೀನಿ. ನಾನೇ. ಹೆದರಿ ಬಾಯಿ ಮುಚ್ಕೊಂಡಿದ್ದೆ."

ಅತ್ತೆ ಅವಳ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ನೋಡಿದ್ರಾ ಸ್ವಾಮಿ ನನ್ನ ಸೊಸೇನ? ನನ್ನ ಮಾನ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೊಳ್ತಿದಾಳೆ."

"ಅತ್ತೆ, ನನ್ನ ಮಾತು ಕೇಳಿ. ನೀವು ಹಿತ್ತಲಲ್ಲಿದ್ರಿ. ಬೆಳಿಗ್ಗೆಯಿಂದ ಪೆಟ್ಟಿಗೆ ಮುಟ್ಟೇ ಇರಲಿಲ್ಲ."

"ಮುಟ್ಟದೇ ಇದ್ರೆ ಬಿಸಿ ಕೈಗೆ ಹತ್ತಿದ್ದು ನೆನಪಿರುತ್ತೇನೇ ಹುಚ್ಚಿ? ಕಾಗದ ಕಮರಿದ ವಾಸನೆ ಕೂಡ ನೆನಪಿದೆ ನಂಗೆ."

"ಅದು ನೆನಪಲ್ಲ ಅತ್ತೆ!" ಸೊಸೆಯ ದನಿ ಕಿರುಚಿದಂತೆ ಬಂತು. "ನಾವು ಹೇಳಿ ಹೇಳಿ ನಿಮ್ಮ ತಲೇಲಿ ತುಂಬಿದ್ದು!"

ಅತ್ತೆಯ ಮುಖ ಒಂದು ಗಳಿಗೆ ಬಿಳಿಚಿತು. ಮಗ ಹೆಂಡತಿಯ ಭುಜ ಮುಟ್ಟಿ ಬೇಡವೆಂದು ತಲೆಯಾಡಿಸಿದ. "ಇನ್ನೂ ಗೊಂದಲ ಮಾಡಬೇಡ ಅವರಿಗೆ. ನಿನ್ನ ಮನಸ್ಸು ನಂಗೆ ಗೊತ್ತು." ಮದುವೆಯಾದ ಇಷ್ಟು ವರ್ಷದಲ್ಲಿ ಅವನು ಅವಳನ್ನು ಹೀಗೆ ಅಭಿಮಾನದಿಂದ ನೋಡಿದ್ದು ಇದೇ ಮೊದಲು. ಅವಳು ಆ ನೋಟ ತಾಳಲಾರದೆ ತಲೆ ತಗ್ಗಿಸಿದಳು.

ಸರ್ವೇಯರ್ ಮೊಣಕಾಲಿನ ಬೂದಿ ಕೊಡವಿಕೊಂಡು ಎದ್ದ. "ಎಷ್ಟೋ ಮನೆ ನೋಡಿದೀನಿ. ಎಲ್ಲಾ ಕಡೆ ಅವರು, ಇವರು ಅಂತ ಬೆರಳು ತೋರಿಸೋದೇ. ನಾನು, ನಾನು ಅಂತ ಜಗಳ ಆಡಿದ್ದು ನಿಮ್ಮನೇಲೇ ಕಂಡಿದ್ದು. ಪುಣ್ಯ ಮಾಡಿದೀರಮ್ಮಾ, ಇಂಥ ಸೊಸೆ ಸಿಕ್ಕೋಕೆ." ಒಂಬತ್ತನೇ ಕಾಲಮ್ಮಿನಲ್ಲಿ ಮೂರು ಸಾಲು ಬರೆದು, ಫಾರಮ್ಮನ್ನು ಸುಡದೆ ಉಳಿದಿದ್ದ ಕಿಟಕಿಯ ಕಟ್ಟೆಯ ಮೇಲಿಟ್ಟ. "ಇಲ್ಲೊಂದು ಸಹಿ ಹಾಕಿ. ಕೆಳಗೆ ಪೂರ್ತಿ ಹೆಸರು ಬರೀರಿ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಸಹಿ ಹಾಕಿದರು. ಕೆಳಗೆ ಒಂದೊಂದೇ ಅಕ್ಷರವಾಗಿ ಹೆಸರು ಬರೆದರು. ನಡುವೆ ಒಮ್ಮೆ ಪೆನ್ನು ಎತ್ತಿ, ಬರೆದಷ್ಟನ್ನು ತುಟಿಯಲ್ಲೇ ಓದಿಕೊಂಡು, ಮತ್ತೆ ಮುಂದುವರಿಸಿದರು. ಸರ್ವೇಯರ್ ಕೈ ಚಾಚಿದ. ಅವರು ಕೊಡಲಿಲ್ಲ. ಕಾಗದವನ್ನು ಸೊಸೆಯ ಕಡೆ ತಿರುಗಿಸಿದರು.

"ನನ್ನ ಹೆಸರು ಸರಿಯಾಗಿ ಬರೆದಿದೀನಾ ಅಂತ ಸ್ವಲ್ಪ ನೋಡಿ ಹೇಳಮ್ಮಾ."

ಸೊಸೆ ನೋಡಿದಳು. ಗುಂಡಗಿನ, ಬಿಡಿಬಿಡಿಯಾದ ಅಕ್ಷರ. ಒಂದು ಒತ್ತೂ ತಪ್ಪಿರಲಿಲ್ಲ.