ಹನ್ನೆರಡನೇ ಅಡಿ

ಬುಧವಾರ ಬೆಳಿಗ್ಗೆ ಕಾಫಿಗೆ ನೀರಿಡುವ ಮೊದಲೇ ಮಾರ್ಲಿಸ್ ಕಂಪ್ಯೂಟರ್ ತೆರೆದು ಸೀಡರ್ ನದಿಯ ಮಟ್ಟ ನೋಡಿದಳು. ಸೇತುವೆಯ ಬಳಿ ಏಳೂವರೆ ಅಡಿ. ಶನಿವಾರ ಸಂಜೆಗೆ ಹನ್ನೊಂದಕ್ಕೆ ಏರಬಹುದೆಂಬ ಮುನ್ಸೂಚನೆಯಿತ್ತು. ಹನ್ನೆರಡು ಮುಟ್ಟಿದರೆ ಕೌಂಟಿ ಪಾರ್ಕಿನಲ್ಲಿ ದಂಡೆಯ ಮೇಲೆ ಟೆಂಟು ಹಾಕುವ ಜಾಗಗಳಿಗೆ ನೀರು ನುಗ್ಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ತಾನೇ ಕಂಡುಕೊಂಡಿದ್ದಳು.

ಹೊರಗೆ ಆಕಾಶ ತೊಳೆದಿಟ್ಟಂತಿತ್ತು. ಮನೆಯ ಮೇಲಿನ ಆಕಾಶ ನೋಡಿ ಹೊಳೆಯನ್ನು ನಂಬುವವರು ಊರಿನಲ್ಲಿ ಬೇಕಾದಷ್ಟು ಮಂದಿ. ಮಳೆ ಸುರಿದದ್ದು ನಿನ್ನೆ, ಉತ್ತರಕ್ಕೆ, ಮಿನ್ನೆಸೋಟಾದ ಮೆಕ್ಕೆಜೋಳದ ಹೊಲಗಳಲ್ಲಿ. ಆ ನೀರು ಬಸಿದು ಹೋಗಲೆಂದು ಹೊಲದಡಿ ಹೂತ ಕೊಳವೆಗಳಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿದು ಇಲ್ಲಿಗೆ ಬರಲು ಮೂರು ನಾಲ್ಕು ದಿನ ಬೇಕು.

ಜೂನ್ ತಿಂಗಳ ಮೊದಲ ಶನಿವಾರ ಒಡಹುಟ್ಟಿದ ಮೂವರೂ ಹೊಳೆಯ ದಂಡೆಯಲ್ಲಿ ಮಲಗುವುದು ಅಪ್ಪನ ಕಾಲದಿಂದ ಬಂದ ರೂಢಿ. ಏರ್ಪಾಡೆಲ್ಲ ಮಾರ್ಲಿಸಳದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳ ಪಟ್ಟಿಗೆ ಬೇರೆಯವರು ಬಾಯಿ ಹಾಕುವಂತಿರಲಿಲ್ಲ. ಕಳೆದ ವರ್ಷ ಮುನ್ಸೂಚನೆ ಹದಿಮೂರು ಅಡಿ ಎಂದಿತ್ತು. ಅವಳು ಬೇಡವೆಂದುಬಿಟ್ಟಳು. ಹೊಳೆ ಒಂಬತ್ತಕ್ಕೇ ನಿಂತಿತು. ಅಕ್ಕ ಸಿಗ್ನೆ, “ಇರ್ಲಿ ಬಿಡು, ಬರೋ ವರ್ಷ ಹೋದ್ರಾಯ್ತು” ಎಂದಿದ್ದಳು. ಜನವರಿಯಲ್ಲಿ ಸಿಗ್ನೆ ತೀರಿಕೊಂಡಳು.

ಎಂಟು ಗಂಟೆಗೆ ತಮ್ಮ ಆರ್ವಿಡ್‌ನ ಫೋನ್ ಬಂತು.

“ಏನ್ ಟೀಚರಮ್ಮ, ಹೊಳೆ ಏನಂತು ಇವತ್ತು?”

“ಹನ್ನೊಂದು ಅಂತಿದೆ.”

“ಇನ್ನೂ ಒಂದಡಿ ಇದೆಯಲ್ಲ. ಟೆಂಟು ಬಿಸಿಲಿಗೆ ಹಾಕಿದೀನಿ. ಒಂದು ಮೂಲೇನ ಇಲಿ ತಿಂದಿದೆ. ಆ ಮೂಲೆ ನಿಂಗೆ.”

“ಮುನ್ಸೂಚನೆ ಅಂದ್ರೆ ಒಂದಡಿ ಆಚೀಚೆ ಆಗೇ ಆಗತ್ತೆ, ಆರ್ವಿಡ್.”

“ಹೋದ್ವರ್ಷಾನೂ ಹೀಗೇ ಅಂದೆ.”

“ಹೋದ್ವರ್ಷ ನಾನು ಮಾಡಿದ್ದು ತಪ್ಪಲ್ಲ. ಆವತ್ತು ಗೊತ್ತಿದ್ದಷ್ಟಕ್ಕೆ ಅದೇ ಸರಿ.”

ಚಳಿಗಾಲವಿಡೀ ಅವಳು ತನಗೆ ತಾನೇ ಹೇಳಿಕೊಂಡ ಮಾತು ಅದು. ನೀರು ಬರಲಿಲ್ಲ ಎಂದ ಮಾತ್ರಕ್ಕೆ ನಿರ್ಧಾರ ತಪ್ಪಾಗುವುದಿಲ್ಲ. ಶಾಲೆಯ ಮಕ್ಕಳಿಗೂ ಅದನ್ನೇ ಕಲಿಸಿದ್ದಳು. ಆದರೂ ಅದನ್ನು ಮತ್ತೆ ಮತ್ತೆ ಹೇಳಿಕೊಳ್ಳಬೇಕಾಗುತ್ತಿತ್ತು.

ಆರ್ವಿಡ್ ದನಿ ತಗ್ಗಿಸಿದ.

“ಸಿಗ್ನೆಗೆ ತಾನು ಉಳಿಯಲ್ಲ ಅಂತ ಆಗ್ಲೇ ಗೊತ್ತಿತ್ತು, ಮಾರ್ಲಿಸ್. ಮೇ ತಿಂಗಳಲ್ಲೇ ಡಾಕ್ಟರು ಹೇಳಿದ್ರು.”

“ನಿಂಗೂ ಗೊತ್ತಿತ್ತಾ?”

“ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದೇ ನಾನು. ನಿಂಗೆ ಹೇಳಬಾರದು ಅಂತ ಮಾತು ತಗೊಂಡ್ಳು. ನೀನು ಕನಿಕರಕ್ಕೆ ಹೊರಡೋದು ಅವಳಿಗೆ ಬೇಕಿರ್ಲಿಲ್ಲ.”

“ಮತ್ತೆ ಈಗ್ಯಾಕೆ ಹೇಳ್ದೆ?”

“ಈ ವರ್ಷಾನೂ ಬೇಡ ಅಂದ್ರೆ ನಾವಿಬ್ರು ಇನ್ಯಾವತ್ತೂ ಹೋಗಲ್ಲ. ಅದಕ್ಕೆ.”

ಮಾರ್ಲಿಸಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಮುಖ್ಯವಾದ ಸಂಗತಿಯನ್ನು ಮುಚ್ಚಿಟ್ಟು ತನ್ನಿಂದ ಲೆಕ್ಕ ಮಾಡಿಸಿದರಲ್ಲ ಎಂದುಕೊಂಡಳು. ಫೋನನ್ನು ಕಿವಿಗೊತ್ತಿಕೊಂಡೇ ಮೇಜಿನ ಮೇಲಿದ್ದ ಪಾರ್ಕಿನ ನಕ್ಷೆಯನ್ನು ನೋಡುತ್ತ ನಿಂತಳು. ದಂಡೆಯ ಜಾಗಗಳಿಂದ ಒಂದು ದಾರಿ ಗುಡ್ಡ ಹತ್ತಿ ಓಕ್ ಮರಗಳ ನಡುವೆ ಸುತ್ತಿ ಬರುತ್ತದೆ. ಅಲ್ಲಿಯೂ ಹದಿನೈದು ಜಾಗಗಳಿವೆ. ಎಷ್ಟೇ ನೆರೆ ಬಂದರೂ ಅಲ್ಲಿಗೆ ನೀರು ಹತ್ತುವುದಿಲ್ಲ. ಹೊಳೆ ಕಾಣದು ಎಂಬ ಒಂದೇ ಕಾರಣಕ್ಕೆ ಅವರ ಮನೆಯವರು ಅತ್ತ ಕಾಲಿಟ್ಟವರಲ್ಲ. ಕಳೆದ ವರ್ಷವೂ ಆ ಗುಡ್ಡ ಅಲ್ಲೇ ಇತ್ತು.

ಹೊಳೆಯ ಲೆಕ್ಕ ಸರಿಯಾಗಿಯೇ ಇತ್ತು. ಅವಳು ಕೇಳಿಕೊಂಡ ಪ್ರಶ್ನೆಯೇ ಕಿರಿದಾಗಿತ್ತು: ದಂಡೆಯೋ, ಮನೆಯೋ. ಅಕ್ಕನಿಗೆ ಬೇಕಾದದ್ದು ಆ ದಂಡೆಯೇ, ಅಥವಾ ಮೂವರೂ ಒಂದು ಬೆಂಕಿಯ ಸುತ್ತ ಕೂರುವುದೇ ಎಂದು ಅವಳು ಕೇಳಿರಲಿಲ್ಲ. ಅದನ್ನು ಕೇಳಲು ಕಾಯಿಲೆಯ ಗುಟ್ಟು ತಿಳಿದಿರಬೇಕಾಗಿರಲಿಲ್ಲ.

“ಗುಡ್ಡದ ಮೇಲೆ ಹಾಕೋಣ,” ಎಂದಳು.

“ಎಲ್ಲಿ, ಬಸ್ಸಿನಷ್ಟು ದೊಡ್ಡ ಗಾಡಿ ತಂದು ಒಳಗೆ ಕೂತು ಟಿವಿ ನೋಡ್ತಾರಲ್ಲ, ಅವರ ಪಕ್ಕದಲ್ಲಾ? ಅಪ್ಪ ಇದ್ದಿದ್ರೆ ನಮ್ಮಿಬ್ರನ್ನೂ ಮನೆಯಿಂದ ಹೊರಗೆ ಹಾಕ್ತಿದ್ದ.”

“ಬೆಳಿಗ್ಗೆ ಇಳಿದು ಹೊಳೆ ನೋಡಿ ಬರೋಣ.”

“ನನ್ನ ಮಂಡಿ ಇಳಿಯತ್ತೆ ಕಣೇ, ಹತ್ತಲ್ಲ.”

“ಹಾಗಾದ್ರೆ ನಾನು ನೋಡ್ಕೊಂಡು ಬಂದು ಎಷ್ಟಡಿ ಅಂತ ಹೇಳ್ತೀನಿ.”

“ಅದನ್ನಂತೂ ಬೇಡ ಅಂದ್ರೂ ಹೇಳ್ತೀಯ,” ಎಂದು ಆರ್ವಿಡ್ ನಕ್ಕ. “ಅಲ್ಲಿ ಮೊದಲು ಬಂದೋರಿಗೆ ಜಾಗ. ಶುಕ್ರವಾರದ ಹೊತ್ತಿಗೆ ತುಂಬಿಹೋಗಿರತ್ತೆ.”

“ನಾಳೇನೇ ಹೋಗಿ ಜಾಗ ಹಿಡಿದು ಕೂತ್ಕೋತೀನಿ.”

“ಒಬ್ಬಳೇನಾ?”

“ನೀನು ಬರೋವರೆಗೆ.”

ಅವಳು ಹೊಸ ಹಾಳೆ ತೆಗೆದು ಪಟ್ಟಿ ಬರೆಯತೊಡಗಿದಳು. ಮೊಟ್ಟೆ, ಕಾಫಿಪುಡಿ, ಸೌದೆ ಆರ್ವಿಡ್‌ನದು. ಬ್ರೆಡ್ಡು, ಬೆಣ್ಣೆ ತನ್ನದು. ಆಲೂಗಡ್ಡೆ ಎಂದು ಬರೆದು ಪೆನ್ನು ನಿಲ್ಲಿಸಿದಳು. ಈರುಳ್ಳಿ ಸೇರಿಸಿ, ಫಾಯಿಲ್‌ನಲ್ಲಿ ಸುತ್ತಿ ಕೆಂಡದಲ್ಲಿ ಹೂಳುವುದು ಸಿಗ್ನೆಯ ಕೆಲಸವಾಗಿತ್ತು. ಎಷ್ಟು ಹೊತ್ತು ಇಡಬೇಕೆಂದು ಅವಳನ್ನು ಯಾರೂ ಕೇಳಿಟ್ಟುಕೊಂಡಿರಲಿಲ್ಲ.

“ಆಲೂಗಡ್ಡೆ ನಾನು ಮಾಡ್ತೀನಿ,” ಎಂದಳು.

“ಸೀದುಹೋಗತ್ತೆ.”

“ಮೊದಲನೇ ಸಲ ಸೀದುಹೋಗತ್ತೆ,” ಎಂದಳು ಮಾರ್ಲಿಸ್. “ತಿನ್ನು.”